ಸದ್ದತ್ತೆಯ ಕುರ್ಚಿ

ಮಾತು ಆಡಿದರೆ ಹೋಯಿತು, ಮೌಸು ಜಾರಿದರೆ ಹೋಯಿತು. ಗಾದೆ ಹೀಗಿಲ್ಲ ಎಂದು ಯಾರಾದರೂ ತಕರಾರು ತೆಗೆದರೆ ಅವರು ಆ ಭಾನುವಾರದ ಸಂಜೆ ನಾಟಕಕ್ಕೆ ಬಂದಿರಲಿಲ್ಲ ಎಂದೇ ಅರ್ಥ. ಬಂದಿದ್ದ ನೂರ ಎಂಬತ್ತು ಜನರಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ. ಇಲ್ಲಿ ಉಪ್ಪು ಖಾರ ಹೆಚ್ಚಾಗಿದ್ದರೆ ಅದು ನಡೆದ ಸಂಗತಿಯದೇ, ಬಡಿಸುವವರ ಕೈಯದಲ್ಲ.

ಮೂರನೆಯ ಅಂಕ. ಮುದುಕ ತಂದೆ ಮಂಚದ ಮೇಲೆ ಕೊನೆಯುಸಿರು ಬಿಟ್ಟಾಗಿದೆ. ಮಗಳು ಅವನ ಕೈ ಹಿಡಿದು ಕುಳಿತಿದ್ದಾಳೆ. ದೀಪಗಳು ಒಂದೊಂದಾಗಿ ಇಳಿದು ನೀಲಿಗೆ ಬಂದಿವೆ. ಮುಂದಿನ ಸಾಲಿನಲ್ಲಿ ಯಾರೋ ಕರವಸ್ತ್ರ ಹುಡುಕುತ್ತಿದ್ದಾರೆ. ಈಗ ದೂರದಲ್ಲಿ ಒಂದು ರೈಲು ಕೂಗಬೇಕು. ಕೂಗಿದ್ದು ಹುಂಜ.

ಒಂದು ಸಲ ಕೂಗಿ ಸುಮ್ಮನಾಗಿದ್ದರೆ, ಸಾವಿನ ನಂತರವೂ ಬೆಳಗಾಗುತ್ತದೆ ಎಂಬ ಒಳಾರ್ಥ ಹಚ್ಚಿ ಯಾರಾದರೂ ವಿಮರ್ಶಕರು ಮಾನ ಉಳಿಸುತ್ತಿದ್ದರೋ ಏನೋ. ಆದರೆ ಕಂಪ್ಯೂಟರಿನ ಬಾಣ ಹುಂಜದ ಮೇಲೆ ನಿಂತದ್ದು ನಿಂತೇಬಿಟ್ಟಿತು. ಯಂತ್ರಕ್ಕೆ ಲಕ್ವ ಹೊಡೆದಿತ್ತು, ಹುಂಜ ಮಾತ್ರ ಗಟ್ಟಿಮುಟ್ಟಾಗಿತ್ತು. ಹನ್ನೊಂದು ಸಲ ಕೂಗಿತು. ಐದನೆಯ ಕೂಗಿಗೆ ಹೆಣದ ಹೊಟ್ಟೆ ಕುಣಿಯತೊಡಗಿತು. ಎಂಟನೆಯದಕ್ಕೆ ಮಗಳು ತಂದೆಯ ಎದೆಯಲ್ಲಿ ಮುಖ ಹುದುಗಿಸಿದಳು. ಆ ಭುಜಗಳು ಕುಲುಕುತ್ತಿರುವುದು ಅಳುವಿನಿಂದಲ್ಲ ಎಂಬುದು ಕೊನೆಯ ಸಾಲಿನವರಿಗೂ ತಿಳಿಯಿತು. ಹನ್ನೊಂದನೆಯದಕ್ಕೆ ತೆರೆ ಬಿತ್ತು.

ಇಡೀ ಸಭಾಂಗಣ ನಕ್ಕಿತು, ಇಬ್ಬರನ್ನು ಬಿಟ್ಟು. ಒಬ್ಬರು, ವೇದಿಕೆಯ ಪಕ್ಕದ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮೌಸನ್ನು ನಿಜವಾದ ಇಲಿಯೇನೋ ಎಂಬಂತೆ ಕುತ್ತಿಗೆ ಹಿಡಿದು ಕುಳಿತಿದ್ದ ಸದ್ದತ್ತೆ. ಇನ್ನೊಬ್ಬರು, ತಂಡದ ನಿರ್ದೇಶಕರಾದ ಮೇಷ್ಟ್ರು.

ಮೇಷ್ಟ್ರು ನಗದಿದ್ದುದರಲ್ಲಿ ಹೊಸದೇನೂ ಇರಲಿಲ್ಲ. ಅವರ ಹಲ್ಲನ್ನು ದಂತವೈದ್ಯರನ್ನು ಬಿಟ್ಟು ಬೇರೆ ಯಾರೂ ನೋಡಿಲ್ಲ ಎಂಬುದು ತಂಡದ ಹಳೆಯ ಮಾತು. ಇಪ್ಪತ್ತು ವರ್ಷಗಳಿಂದ ಹಾಸ್ಯ ನಾಟಕಗಳನ್ನೇ ಹೆಚ್ಚಾಗಿ ಆಡಿಸುತ್ತಿದ್ದರೂ ಜನ ನಗುವಾಗ ಅವರು ಗಡಿಯಾರ ನೋಡುತ್ತಿದ್ದರು. ನಗು ಎಷ್ಟು ಸೆಕೆಂಡು ಇತ್ತು ಎಂದು ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದರು.

ಸದ್ದತ್ತೆ ಮಾತ್ರ ನಗುವವರು. ಅರವತ್ತೊಂದು ವರ್ಷ. ಅದರಲ್ಲಿ ಮೂವತ್ತನಾಲ್ಕನ್ನು ಆ ಗೂಡಿನಲ್ಲೇ ಕಳೆದಿದ್ದರು. ನಾಟಕದ ಸದ್ದುಗಳೆಲ್ಲ ಅವರ ಮಕ್ಕಳು. ಗೂಡಿನಲ್ಲಿ ಗುಡುಗಿಗೆಂದು ಕೊಕ್ಕೆಗೆ ತೂಗುಹಾಕಿದ ಒಂದು ತಗಡು, ಗೋಡೆಯಿಲ್ಲದೆ ಬರೀ ಚೌಕಟ್ಟಿನ ಮೇಲೆ ನಿಂತ ಒಂದು ಗಿಡ್ಡ ಬಾಗಿಲು, ಒಂದು ತಟ್ಟೆ ಮರಳು, ಹದಿನಾಲ್ಕು ಜೊತೆ ಹಳೇ ಬೂಟು ಇದ್ದವು. ಮೊದಲು ಎಲ್ಲವನ್ನೂ ಕೈಯಲ್ಲೇ ಬಾರಿಸುತ್ತಿದ್ದರು, ಆಮೇಲೆ ಟೇಪು ಬಂತು, ಆಮೇಲೆ ಟೇಪಿಗೆ ಬೂಷ್ಟು ಬಂತು. ಬೂಷ್ಟು ಹಿಡಿಯದೆ ಉಳಿದದ್ದನ್ನೆಲ್ಲ ಯಾರೋ ಪುಣ್ಯಾತ್ಮರು ಒಂದು ಹಳೇ ಕಂಪ್ಯೂಟರಿಗೆ ತುಂಬಿಸಿಕೊಟ್ಟಿದ್ದರು. ಅದೇ ಈಗ ಹುಂಜದ ಪಕ್ಷ ಸೇರಿದ್ದು.

ಬಣ್ಣ ಅಳಿಸಿಕೊಳ್ಳುವ ಕೋಣೆಗೆ ಮೇಷ್ಟ್ರು ಬಂದರು. ಮೊದಲು ಅವರ ಗಂಟಲು ಬಂತು: ತೇವಕ್ಕೆ ಉಬ್ಬಿದ ಮೇಜಿನ ಖಾನೆ ಎಳೆದಂತೆ, "ಖ್ಖೂಂ."

"ನಾನು ಹೇಳಿದ್ದು ಏನು, ನೀವು ಮಾಡಿದ್ದು ಏನು?"

"ಬಾಣ ಜಾರಿಬಿಡ್ತು ಮೇಷ್ಟ್ರೇ," ಎಂದರು ಸದ್ದತ್ತೆ.

"ಮುಂದಿನ ನಾಟಕದ ಗತಿ ಏನು? ಅದ್ರಲ್ಲಿ ಇರೋದೇ ಸದ್ದು."

ಅದು ನಿಜ. ಮುಂದಿನದು ಹಾಸ್ಯ ನಾಟಕ. ಒಬ್ಬ ಗಾಡಿಯವನು ಬಾಡಿಗೆ ಮನೆಯ ಒಳಕೋಣೆಯಲ್ಲಿ, ಮಾಲೀಕನಿಗೆ ಗೊತ್ತಾಗದ ಹಾಗೆ, ತನ್ನ ಕುದುರೆಯನ್ನು ಬಚ್ಚಿಟ್ಟುಕೊಳ್ಳುವ ಕತೆ. ಕುದುರೆ ರಂಗದ ಮೇಲೆ ಬರುವುದೇ ಇಲ್ಲ, ಮಹಡಿಯ ಮೇಲಿನ ಮಾಲೀಕನೂ ಬರುವುದಿಲ್ಲ. ಇಬ್ಬರೂ ಬರೀ ಸದ್ದು. ಕೊನೆಯ ಸಾಲು ಹೀಗಿತ್ತು: 'ಮೇಲಿನಿಂದ ಮಾಲೀಕನ ನಗು. ಹೊಟ್ಟೆಯಿಂದ.' ಆ ನಗುವಿಗಾಗಿ ತಂಡದವರೆಲ್ಲ ಸರದಿಯಲ್ಲಿ ನಕ್ಕು ತೋರಿಸಿದ್ದರು. ಮೇಷ್ಟ್ರು ಒಂದನ್ನೂ ಒಪ್ಪಿರಲಿಲ್ಲ. "ಇದು ನಗು ಅಲ್ಲ, ನಗುವಿನ ನಾಟಕ" ಎಂದು ಎಲ್ಲರನ್ನೂ ವಾಪಸು ಕಳಿಸಿದ್ದರು.

"ಚಕ್ರದ ಪೆಟ್ಟಿಗೆಯವರನ್ನ ನಾಳೆ ಬಿಟ್ಟು ಮುಂದಿನ ಸೋಮವಾರ ಬರಹೇಳ್ತೀನಿ," ಎಂದರು ಮೇಷ್ಟ್ರು. ಸದ್ದಿನ ಯಂತ್ರಗಳನ್ನು ಚಕ್ರದ ಪೆಟ್ಟಿಗೆಯಲ್ಲಿ ಉರುಳಿಸಿಕೊಂಡು ಬಂದು, ಬಾಡಿಗೆಗೆ ಸದ್ದು ಮಾಡಿ, ಉರುಳಿಸಿಕೊಂಡು ಹೋಗುವವರು ಅವರು. "ಅಷ್ಟರೊಳಗೆ ಹುಂಜ ಇಲ್ದೆ ನಡೆಸಿ ತೋರಿಸಿದ್ರೆ ಕುರ್ಚಿ ನಿಮ್ದೇ. ಇಲ್ಲಾಂದ್ರೆ ಮುಂದಿನ ಸಾಲಲ್ಲಿ ಆರಾಮಾಗಿ ಕೂತು ನಾಟಕ ನೋಡಿ. ಗೌರವದ ಸೀಟು."

ಸದ್ದತ್ತೆಗೆ ಹುಂಜದ ಹನ್ನೊಂದು ಕೂಗೂ ಅಷ್ಟು ಚುಚ್ಚಿರಲಿಲ್ಲ. ಗೌರವದ ಸೀಟು! ಮೂವತ್ತನಾಲ್ಕು ವರ್ಷದಲ್ಲಿ ಅವರು ಒಂದು ನಾಟಕವನ್ನೂ ಮುಂದಿನಿಂದ ನೋಡಿರಲಿಲ್ಲ. ನೋಡುವ ಆಸೆಯೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಅಳಿಯ ಬಂದ. ಅವರ ಅಣ್ಣನ ಮಗ, ಕಂಪ್ಯೂಟರು ಕಲಿಸುವ ಕಾಲೇಜಿನಲ್ಲಿ ಪಾಠ ಹೇಳುವವನು. ಅವನ ಇನ್ನೊಂದು ವಿದ್ಯೆ ಕಂಡವರ ದನಿ ಕದಿಯುವುದು. ಪ್ರಿನ್ಸಿಪಾಲರ ದನಿಯಲ್ಲಿ ತನಗೆ ತಾನೇ ರಜೆ ಮಂಜೂರು ಮಾಡಿಕೊಂಡವನು ಎಂಬ ಖ್ಯಾತಿ ಅವನಿಗಿತ್ತು. ಬಂದವನೇ ಯಂತ್ರವನ್ನು ಎರಡು ಗಂಟೆ ಬಿಚ್ಚಿ ಮುಚ್ಚಿ, ಮೌಸನ್ನು ಬಾಲ ಹಿಡಿದೆತ್ತಿ ಬುಟ್ಟಿಗೆ ಹಾಕಿ, "ಬಾ ಅತ್ತೆ," ಎಂದ.

ಪರದೆ ಕಪ್ಪಗಿತ್ತು.

"ಕರೆಂಟು ಹೋಯ್ತೇನೋ?"

"ಇಲ್ಲ. ಇದು ಹೀಗೇ ಇರತ್ತೆ. ನಿನ್ನ ಯಂತ್ರಕ್ಕೆ ವಯಸ್ಸಾಗಿದೆ. ಚಿತ್ರ, ಕಿಟಕಿ, ಬಾಣ ಎಲ್ಲಾ ಹೊತ್ಕೊಂಡು ನಡಿಯೋಕಾಗಲ್ಲ. ಅದಕ್ಕೇ ಎಲ್ಲಾ ಇಳಿಸಿದೆ. ಈಗ ಜಾರೋಕೆ ಬಾಣವೇ ಇಲ್ಲ. ನೀನು ಪದ ಹೊಡಿ, ಅದು ಕೆಲಸ ಮಾಡತ್ತೆ."

"ಅಲ್ಲೇನೋ ಕಣ್ಣು ಮಿಟುಕಿಸ್ತಿದೆಯಲ್ಲೋ."

"ಅದು ಕಾಯ್ತಾ ಇದೆ ಅತ್ತೆ. ನಿನ್ನ ಡೈಲಾಗು ಯಾವಾಗ ಬರತ್ತೆ ಅಂತ."

ಡೈಲಾಗು ಎಂದ ಮೇಲೆ ಸದ್ದತ್ತೆ ಕನ್ನಡಕ ಒರೆಸಿಕೊಂಡು ಕುಳಿತರು. ಮೊದಲ ಪಾಠ, ನಾನೆಲ್ಲಿದ್ದೇನೆ ಎಂದು ಕೇಳುವುದು. ಪಿ, ಡಬ್ಲ್ಯು, ಡಿ. ಒಂದೇ ಬೆರಳಿನಿಂದ ಒಂದೊಂದಾಗಿ ಒತ್ತಿ, ಕೊನೆಗೆ ದೊಡ್ಡ ಗುಂಡಿ ಒತ್ತಿದಾಗ ಯಂತ್ರ ಒಂದು ಸಾಲು ಬರೆಯಿತು: ಮನೆ, ಓರೆಗೆರೆ, ಸದ್ದತ್ತೆ.

"ಅಯ್ಯೋ, ನನ್ನ ಹೆಸರಿಗೆ ಮನೆ ಬರೆದಿಟ್ಟಿದೆಯಲ್ಲೋ! ನಿಮ್ಮ ಮಾವ ಇಷ್ಟು ವರ್ಷ ಸಂಸಾರ ಮಾಡಿ ಒಂದು ಕೋಣೆ ಬರೀಲಿಲ್ಲ."

"ಮನೇಲಿ ಏನೇನಿದೆ ನೋಡ್ಬೇಕಲ್ವಾ? ಅದಕ್ಕೆ ಎಲ್‌ಎಸ್. ಒಳಗಿನ ಕೋಣೆಗೆ ಹೋಗೋಕೆ ಸಿಡಿ."

"ಸಿಡಿ ಕಾಲ ಮುಗಿದು ಎಷ್ಟು ವರ್ಷ ಆಯ್ತು! ಮೂಲೇಲಿ ಕನ್ನಡಿ ಥರ ಬಿದ್ದಿವೆ ನೋಡು."

"ಆ ಸಿಡಿ ಅಲ್ಲ."

"ಮತ್ತೆ ಗುಂಡು ಸಿಡಿಯೋ ಸಿಡಿನಾ? ಅದು ಬಲೂನಲ್ಲಿ ಮಾಡಿದ್ದು, ಎಡಗಡೆ ಬೀರು."

"ಅದೂ ಅಲ್ಲ ಅತ್ತೆ! ಒಳಗೆ ಹೋಗು ಅಂತ ಅರ್ಥ, ಅಷ್ಟೇ!"

"ಸಿಡಿ ಹೇಳ್ಕೊಡೋವಾಗ ಸಿಡುಕ್ಬಾರ್ದು ಕಣೋ."

ಸಂಜೆಯಾದರೂ ತಲೆಗೆ ಹತ್ತಲಿಲ್ಲ. ಕೋಣೆಯೊಳಗೆ ಕೋಣೆ, ಅದರೊಳಗೆ ಇನ್ನೊಂದು ಎಂದು ಅಳಿಯ ಕಾಗದದ ಮೇಲೆ ಕೊಂಬೆ ಕೊಂಬೆಯಾಗಿ ಬರೆದು ತೋರಿಸಿದ. ಸದ್ದತ್ತೆ ಆ ಮರವನ್ನು ಉದ್ದಕ್ಕೂ ಅಡ್ಡಕ್ಕೂ ಹಿಡಿದು ನೋಡಿದರು. ಆಮೇಲೆ ಕಾಗದ ಮಡಚಿಟ್ಟು ಎದ್ದು ನಿಂತರು. ಗೂಡಿನ ಬೀರುವಿನ ಮುಂದೆ ಹೋಗಿ, "ಎಲ್‌ಎಸ್" ಎಂದು ಗಟ್ಟಿಯಾಗಿ ಹೇಳಿ ಬಾಗಿಲು ತೆರೆದರು. ನಾಲ್ಕು ಅರೆಗಳು. "ಸಿಡಿ ಎರಡನೇ ಅರೆ," ಎಂದು ಅರೆಯೊಳಗೆ ತಲೆ ಹಾಕಿದರು. ಅಲ್ಲೊಂದು ಬೂಟಿನ ಪೆಟ್ಟಿಗೆ. "ಸಿಡಿ ಪೆಟ್ಟಿಗೆ." ಮುಚ್ಚಳ ತೆಗೆದರು. ಆಮೇಲೆ ಅಳಿಯನ ಕಡೆ ತಿರುಗಿ, "ಇಲ್ಲಿಂದ ತಲೆ ಹೊರಗೆ ತೆಗಿಯೋದು ಹೆಂಗೆ?" ಎಂದರು.

"ಸಿಡಿ ಆದ್ಮೇಲೆ ಎರಡು ಚುಕ್ಕಿ."

"ಮೇಷ್ಟ್ರ ನಾಟಕದಲ್ಲಿ ಎರಡು ಚುಕ್ಕಿ ಇದ್ರೆ ಹಿಂದಕ್ಕೆ ಒಂದು ಹೆಜ್ಜೆ ಇಡು ಅಂತ. ಅದೇ ಇದು!" ಸದ್ದತ್ತೆಯ ಮುಖ ಅರಳಿತು. ಎರಡು ಚುಕ್ಕಿ ಎನ್ನುತ್ತ ಪೆಟ್ಟಿಗೆಯಿಂದ ಅರೆಗೆ, ಇನ್ನೆರಡು ಚುಕ್ಕಿ ಎನ್ನುತ್ತ ಅರೆಯಿಂದ ಬೀರುವಿಗೆ ಬಂದು, ಬಂದ ಖುಷಿಯಲ್ಲಿ ಇನ್ನೆರಡು ಹೆಚ್ಚಿಗೆ ಎಂದುಬಿಟ್ಟು, ಗೂಡಿನ ಬಾಗಿಲು ದಾಟಿ ಹೊರಗೆ ಹೋಗಿ, ಅಲ್ಲಿ ಮೆಟ್ಟಿಲ ಮೇಲೆ ಚಹ ಕುಡಿಯುತ್ತಿದ್ದ ಸತ್ತಣ್ಣನಿಗೆ ಡಿಕ್ಕಿ ಹೊಡೆದರು. ಪ್ರತಿ ನಾಟಕದಲ್ಲೂ ಸಾಯುವ ಪಾತ್ರವೇ ಸಿಗುತ್ತಿದ್ದುದರಿಂದ ಆ ನಟನಿಗೆ ಆ ಹೆಸರು. ಹೊಟ್ಟೆ ಕುಣಿಸಿದ ಹೆಣ ಅವನೇ.

"ಏನತ್ತೆ, ದೆವ್ವ ಹಿಡೀತಾ?"

"ಇಲ್ಲಪ್ಪ, ಒಂದು ಮಟ್ಟ ಮೇಲೆ ಬಂದೆ," ಎಂದರು ಸದ್ದತ್ತೆ.

ಅಲ್ಲಿಂದ ಮುಂದೆ ದಾರಿ ಇಳಿಜಾರಾಯಿತು. ಎರಡು ಪದಗಳ ನಡುವಿನ ಜಾಗಕ್ಕೆ ಅವರು 'ಉಸಿರು' ಎಂದು ಹೆಸರಿಟ್ಟರು. ದೊಡ್ಡ ಗುಂಡಿಗೆ 'ತೆರೆ'. "ಪ್ಲೇ, ಉಸಿರು, ತಗಡು, ತೆರೆ," ಎಂದು ಗೊಣಗಿಕೊಂಡು ಒತ್ತಿದರೆ ಗುಡುಗು ಬರುತ್ತಿತ್ತು. ತಗಡು ಎಂದರೆ ಗುಡುಗು ಹೇಗೆ ಎಂದು ಕೇಳಬೇಡಿ. ಸದ್ದತ್ತೆ ಯಾವ ಸದ್ದಿಗೂ ಅದರ ಹೆಸರಿಟ್ಟವರಲ್ಲ. ಯಾವುದರಿಂದ ಮಾಡಿದರೋ ಅದೇ ಹೆಸರು. ಮಳೆ ಬೇಕಾದರೆ 'ಅಕ್ಕಿ-ತಟ್ಟೆ'. ಬೆಂಕಿ ಬೇಕಾದರೆ 'ಮಿಠಾಯಿ-ಕಾಗದ'. ಹುಡುಗಿಯ ಎದೆಬಡಿತಕ್ಕೆ 'ದಿಂಬು'. ಅಳಿಯ ಇವನ್ನೆಲ್ಲ ತಿದ್ದಲು ಹೊರಟಾಗ, "ಮುಟ್ಟಿದ್ರೆ ನೋಡು," ಎಂದರು. "ಹೆತ್ತೋಳಿಗೆ ಗೊತ್ತಿರತ್ತೆ ಹೆಸರು."

ಬುಧವಾರದ ಹೊತ್ತಿಗೆ ಅಳಿಯನ ಕೈ ತುರಿಸತೊಡಗಿತು.

ಗೂಡಿನಲ್ಲಿ ಮೇಜಿನ ಮೇಲೊಂದು ಮಾತಿನ ಡಬ್ಬವಿತ್ತು. ತಾಲೀಮಿನಲ್ಲಿ ಮೇಷ್ಟ್ರು ಸಭಾಂಗಣದಲ್ಲಿ ಕುಳಿತು ಮೈಕಿನಲ್ಲಿ ಬೈದರೆ ಬೈಗುಳ ಇಲ್ಲಿಗೆ ಬಂದು ಬೀಳುತ್ತಿತ್ತು. ಅದರ ಪಕ್ಕದಲ್ಲೇ ಯಂತ್ರದ ಸ್ಪೀಕರು. ಸದ್ದತ್ತೆ ಊಟಕ್ಕೆ ಹೋದಾಗ ಅಳಿಯ ಎರಡು ನಿಮಿಷ ಏನೋ ಟೈಪು ಮಾಡಿದ. ಅವರು ಬಂದು ಎಂದಿನಂತೆ ಎಲ್‌ಎಸ್ ಒತ್ತಿದರು. ಒಂದು ಸಲ, ಎರಡು ಸಲ ಏನೂ ಇಲ್ಲ. ಐದನೆಯ ಸಲ ಮೇಜು ಗುಡುಗಿತು.

"ಖ್ಖೂಂ. ಇನ್ನೂ ಆಗ್ಲಿಲ್ವಾ? ನಾನು ಹೇಳಿದ್ದು ಏನು, ನೀವು ಮಾಡ್ತಿರೋದು ಏನು?"

ಸದ್ದತ್ತೆ ಎದ್ದು ನಿಂತರು. ಖಾಲಿ ಗೋಡೆಗೆ ಕೈ ಮುಗಿದು, "ಆಗ್ತಾ ಬಂತು ಮೇಷ್ಟ್ರೇ," ಎಂದರು. ಕಿಂಡಿಯಲ್ಲಿ ಇಣುಕುತ್ತಿದ್ದ ಸತ್ತಣ್ಣ ಅಂದು ಮೊದಲ ಬಾರಿಗೆ ವೇದಿಕೆಯ ಹೊರಗೆ ಸತ್ತ, ನಗುವಿನಿಂದ.

ಎರಡು ದಿನ ಹೀಗೇ ನಡೆಯಿತು. ಐದು ಸಲಕ್ಕೊಮ್ಮೆ ಮೇಷ್ಟ್ರು ಗಂಟಲು ಕೆರೆಯುವರು, ಸದ್ದತ್ತೆ ಎದ್ದು ನಿಲ್ಲುವರು. ಇಡೀ ತಂಡಕ್ಕೆ ಗೊತ್ತು, ಅವರೊಬ್ಬರನ್ನು ಬಿಟ್ಟು. ಮೇಷ್ಟ್ರು ಆ ಎರಡು ದಿನ ನೆಗಡಿಯಾಗಿ ಮನೆಯಲ್ಲಿ ಮಲಗಿದ್ದಾರೆ ಎಂಬುದನ್ನು ಅವರಿಗೆ ಹೇಳುವವರಿರಲಿಲ್ಲ.

ತಮಾಷೆ ಶುಕ್ರವಾರ ಕೆಟ್ಟಿತು. ಕುದುರೆಯ ಸದ್ದುಗಳು ಒಟ್ಟು ಏಳು. ಎಲ್ಲವೂ ಎರಡು ತೆಂಗಿನ ಚಿಪ್ಪಿನಿಂದ ಹುಟ್ಟಿದವು: ಕಲ್ಲಿನ ಮೇಲೆ, ಮರಳಿನಲ್ಲಿ, ಹಲಗೆಯ ಮೇಲೆ, ನೀರಿನ ಬಕೆಟ್ಟಿನಲ್ಲಿ, ಹೀಗೆ. ಅವನ್ನೆಲ್ಲ 'ಚಿಪ್ಪು' ಎಂಬ ಒಂದೇ ಕೋಣೆಗೆ ಸಾಗಿಸಿಟ್ಟರೆ ನಾಟಕದ ಹೊತ್ತಿಗೆ ಹುಡುಕಾಟ ಇರುವುದಿಲ್ಲ ಎಂದು ಸದ್ದತ್ತೆಗೆ ಹೊಳೆಯಿತು. ಸಾಗಿಸಲು ಎಂವಿ. ಅದನ್ನು ಕಲಿತಾಗಿತ್ತು. ಮೇಷ್ಟ್ರು ಈಗ ಬೈದಾರು, ಆಗ ಬೈದಾರು ಎಂಬ ಗಾಬರಿಯಲ್ಲಿ ಒಂದಾದ ಮೇಲೊಂದರಂತೆ ಏಳನ್ನೂ ಸರಸರ ಸಾಗಿಸಿದರು. ಆದರೆ ಆ ಹೆಸರಿನ ಕೋಣೆಯನ್ನು ಕಟ್ಟುವುದನ್ನೇ ಮರೆತಿದ್ದರು.

ಇಲ್ಲದ ಕೋಣೆಗೆ ಸಾಗಿಸು ಎಂದರೆ ಆ ಯಂತ್ರ 'ಓಹೋ, ಇದಕ್ಕೆ ಚಿಪ್ಪು ಎಂದು ಹೆಸರಿಡಬೇಕು' ಎಂದುಕೊಳ್ಳುತ್ತದೆ. ಮೊದಲ ಕುದುರೆಗೆ ಚಿಪ್ಪು ಎಂದು ಹೆಸರಾಯಿತು. ಎರಡನೆಯದಕ್ಕೂ ಅದೇ ಹೆಸರು ಕೊಟ್ಟಾಗ ಅದು ಮೊದಲನೆಯದನ್ನು ತುಳಿದು ನಿಂತಿತು. ಮೂರನೆಯದು ಎರಡನೆಯದನ್ನು. ಹೀಗೆ ಒಂದರ ಮೇಲೊಂದು ಏರಿ, ಕೊನೆಗೆ ಬಕೆಟ್ಟಿನ ಕುದುರೆಯೊಂದೇ ಉಳಿಯಿತು.

ಅಳಿಯ ಬಂದಾಗ ಸದ್ದತ್ತೆ ಪರದೆ ತೋರಿಸಿದರು.

"ಆರು ಕುದುರೆ ಕೊಂದೆ ಕಣೋ," ಎಂದರು. "ಮೇಷ್ಟ್ರು ಹೇಳಿದ್ದು ಸರಿ. ಮುಂದಿನ ಸಾಲೇ ನನಗೆ ಸರಿ."

ಅಳಿಯನಿಗೆ ಯಾರ ದನಿಯೂ ನೆನಪಾಗಲಿಲ್ಲ. ತನ್ನದೇ ದನಿಯಲ್ಲಿ, "ತಪ್ಪು ನಂದು ಅತ್ತೆ," ಎಂದ. "ಮೊದ್ಲು ನಕಲು ಮಾಡಿಟ್ಕೊಂಡು ಆಮೇಲೆ ಸಾಗ್ಸು ಅಂತ ಹೇಳ್ಕೊಡ್ಬೇಕಿತ್ತು. ತಡಿ, ಎಲ್ಲಾದ್ರೂ ಮರೆಯಲ್ಲಿ ಉಳಿದಿರ್ಬಹುದು. ಕೆಲವು ಹೆಸರಿನ ಮುಂದೆ ಒಂದು ಚುಕ್ಕಿ ಇರತ್ತೆ, ಅವು ತೆರೆಯ ಹಿಂದೆ ನಿಂತಿರೋ ಹಾಗೆ, ಬರೀ ಎಲ್‌ಎಸ್‌ಗೆ ಕಾಣಲ್ಲ. ಎಲ್‌ಎಸ್, ಉಸಿರು, ಅಡ್ಡಗೆರೆ, ಎ ಅಂತ ಹೊಡಿ."

ಸದ್ದತ್ತೆ ಹೊಡೆದರು. ತೆರೆ ಸರಿಯಿತು. ಕುದುರೆಗಳು ಅಲ್ಲಿರಲಿಲ್ಲ. ಪಟ್ಟಿಯ ಮೇಲ್ತುದಿಯಲ್ಲಿ, ಮುಂದೊಂದು ಚುಕ್ಕಿ ಇಟ್ಟುಕೊಂಡು, ಬೇರೆ ಯಾರೋ ನಿಂತಿದ್ದರು.

"ಚುಕ್ಕಿ, ಮೇಷ್ಟ್ರು," ಎಂದು ಸದ್ದತ್ತೆ ನಿಧಾನವಾಗಿ ಓದಿದರು. "ಇವ್ರು ಇಲ್ಲೇನು ಮಾಡ್ತಿದಾರೆ?"

ಅಳಿಯ ತಗಡನ್ನು ನೋಡುತ್ತ ನಿಂತ. ತಾನು ಬಚ್ಚಿಟ್ಟದ್ದನ್ನು ತಾನೇ ತೋರಿಸಿಕೊಟ್ಟಿದ್ದ. ಸದ್ದತ್ತೆ ಪ್ಲೇ ಒತ್ತಿದರು. "ಖ್ಖೂಂ," ಎಂದಿತು ಸ್ಪೀಕರು.

ಪೂರ್ತಿ ಕೇಳಿದರು. ಇನ್ನೊಮ್ಮೆ ಕೇಳಿದರು.

"ಎರಡು ದಿನ ನಾನು ಗೋಡೆಗೆ ಕೈ ಮುಗ್ದಿದೀನಿ," ಎಂದರು.

"ಅತ್ತೆ..."

"ಗಂಟಲು ಮಾತ್ರ ಚೆನ್ನಾಗಿ ತೆಗ್ದಿದೀಯ. ತೇವದ ಖಾನೆ ಎಳೆದ ಹಾಗೇ ಇದೆ." ಅವರ ತುಟಿ ಅಂಚಿನಲ್ಲಿ ಏನೋ ಅಲುಗಿತು. "ಮೈಕು ಹಿಡಿ. ಕುದುರೆ ಸತ್ರೆ ಏನಂತೆ, ಹೆತ್ತೋಳು ಬದ್ಕಿದೀನಲ್ಲ."

ಚಿಪ್ಪು ಬೀರುವಿನ ಮೂರನೆಯ ಅರೆಯಲ್ಲೇ ಇದ್ದವು. ಅಳಿಯ ಮೊಣಕಾಲೂರಿ ಮೈಕು ಹಿಡಿದ. ಸದ್ದತ್ತೆ ನೆಲದ ಮೇಲೆ ಕುಳಿತು ಕಲ್ಲಿನ ಮೇಲೆ ನಡೆಸಿದರು, ಮರಳಿನಲ್ಲಿ ಓಡಿಸಿದರು, ಹಲಗೆಯ ಮೇಲೆ ಕುಂಟಿಸಿದರು. ಹಳೆಯ ಕುಂಟು ಕುದುರೆಗಿಂತ ಹೊಸದು ಚೆನ್ನಾಗಿ ಕುಂಟಿತು, ಯಾಕೆಂದರೆ ಈಗ ಸದ್ದತ್ತೆಯ ಎಡ ಮಣಿಕಟ್ಟಿಗೂ ಸ್ವಲ್ಪ ನೋವಿತ್ತು. ಹೊತ್ತು ಮುಳುಗುವ ಮೊದಲು ಏಳೂ ಕೊಟ್ಟಿಗೆಗೆ ಬಂದವು. ಈ ಸಲ ಮೊದಲು ಕೋಣೆ ಕಟ್ಟಿದರು, ಆಮೇಲೆ ಸಿಪಿ ಒತ್ತಿ ನಕಲು ಮಾಡಿದರು, ಕೊನೆಗೆ ಸಾಗಿಸಿದರು. "ಮೊದ್ಲು ಮನೆ, ಆಮೇಲೆ ಮಂದಿ," ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡರು.

"ಈಗ ನಿನ್ನ ಶಿಕ್ಷೆ," ಎಂದರು ಕೈ ಒರೆಸಿಕೊಳ್ಳುತ್ತ. "ಆ ಮೇಷ್ಟ್ರನ್ನ ಎಲ್‌ಎಸ್ ಒಳಗೆ ಹೆಂಗೆ ಕೂರಿಸ್ದೆ, ತೋರ್ಸು."

ಅಳಿಯ ತೋರಿಸಿದ. ಎಲ್‌ಎಸ್ ಎಂಬ ಪದಕ್ಕೆ ಅವನು ಬೇರೆ ಅರ್ಥ ಕೊಟ್ಟಿದ್ದ: ಐದು ಸಲಕ್ಕೊಮ್ಮೆ ಮೊದಲು ಈ ದನಿ ಬಾರಿಸು, ಆಮೇಲೆ ಪಟ್ಟಿ ಕೊಡು. ಸದ್ದತ್ತೆ ಅದನ್ನು ತಾವೇ ಬದಲಿಸಿದರು. ಐದು ಸಲಕ್ಕೊಮ್ಮೆ ಅಲ್ಲ, ಪ್ರತಿ ಸಲವೂ. ತಮಗಾಗಿ 'ನೋಡು' ಎಂಬ ಹೊಸ ಪದ ಕಟ್ಟಿಕೊಂಡರು. ತಾವು 'ನೋಡು' ಎಂದರೆ ಪಟ್ಟಿ ಮೌನವಾಗಿ ಬರುತ್ತಿತ್ತು. ಬೇರೆ ಯಾರಾದರೂ ಬಂದು ಎಲ್‌ಎಸ್ ಒತ್ತಿದರೆ ಮೇಷ್ಟ್ರು ಏಳುತ್ತಿದ್ದರು.

"ಯಾರಿಗೆ ಅತ್ತೆ ಇದು?"

"ಸೋಮವಾರ ಚಕ್ರದ ಪೆಟ್ಟಿಗೆಯವ್ರು ಬರ್ತಾರಲ್ಲ. ಬಂದೋರು ಸುಮ್ನಿರ್ತಾರಾ, ನನ್ನ ಯಂತ್ರ ಮುಟ್ತಾರೆ. ಗೂಡಿಗೊಂದು ಕಾವಲು ನಾಯಿ ಬೇಕಲ್ವಾ? ಹೊಸದಾಗಿ ಬೊಗಳು. ಏನು ಹೇಳ್ಬೇಕು ಅಂತ ನಾನು ಹೇಳ್ತೀನಿ."

ಸೋಮವಾರ ಬೆಳಗ್ಗೆ ಹತ್ತಕ್ಕೆ ಮೇಷ್ಟ್ರು ಮಫ್ಲರು ಸುತ್ತಿಕೊಂಡು ಬಂದರು. ಸಭಾಂಗಣದಲ್ಲಿ ಕೂರಲಿಲ್ಲ, ನೇರವಾಗಿ ಗೂಡಿಗೇ ಬಂದು ಸದ್ದತ್ತೆಯ ಬೆನ್ನ ಹಿಂದೆ ನಿಂತರು. ಬಾಗಿಲಲ್ಲಿ ಅಳಿಯ ಮತ್ತು ಸತ್ತಣ್ಣ. ಸದ್ದು ಇಂದು ಸಭಾಂಗಣದ ದೊಡ್ಡ ಸ್ಪೀಕರುಗಳಿಗೂ ಹೋಗುವ ಹಾಗೆ ತಂತಿ ಜೋಡಿಸಿತ್ತು. ಚಕ್ರದ ಪೆಟ್ಟಿಗೆಯವರು ಇನ್ನೂ ದಾರಿಯಲ್ಲಿದ್ದರು.

"ಮೂರನೇ ಪುಟ," ಎಂದರು ಮೇಷ್ಟ್ರು. "ಕುದುರೆ ಹಲಗೆ ಮೇಲೆ."

ನಾಲ್ಕು ಪದ, ಮೂರು ಉಸಿರು. ಸಭಾಂಗಣದ ಎಡ ಮೂಲೆಯಲ್ಲಿ ಕುದುರೆ ನಡೆಯಿತು.

"ಹದಿನೆಂಟು. ಮಳೆ."

ಅಕ್ಕಿ ತಟ್ಟೆಯ ಮೇಲೆ ಸುರಿಯಿತು.

"ಒಂಬತ್ತು. ನಲವತ್ತೊಂದು. ಮತ್ತೆ ಮೂರು. ಗುಡುಗಿನ ನಡುವೆ ಕುಂಟು ಕುದುರೆ, ಅದು ನಿಂತ ಮೇಲೆ ಬಾಗಿಲು."

ಅವರು ಪುಟಗಳನ್ನು ಕಲಸಿ ಕಲಸಿ ಕೇಳಿದರು. ಸದ್ದತ್ತೆ ಒಳಗೆ ಹೋದರು, ಹೊರಗೆ ಬಂದರು, ಒಂದು ಮಟ್ಟ ಮೇಲೇರಿದರು, ಪಕ್ಕದ ಕೋಣೆಗೆ ಇಳಿದರು. ಒಮ್ಮೆ ತಪ್ಪು ಕೋಣೆಯಲ್ಲಿ ಸಿಕ್ಕಿಕೊಂಡಾಗ 'ನಾನೆಲ್ಲಿದ್ದೇನೆ' ಎಂದು ಕೇಳಿಕೊಂಡರು, ಎರಡು ಚುಕ್ಕಿ ಇಟ್ಟು ಹೊರಬಂದರು, ಬಾಗಿಲು ಸರಿಯಾದ ಹೊತ್ತಿಗೆ ಕಿರುಗುಟ್ಟಿತು. ಹುಂಜ ಎಲ್ಲೋ ಆಳದಲ್ಲಿ ಮಲಗಿತ್ತು. ಸತ್ತಣ್ಣ ಸದ್ದಿಲ್ಲದೆ ಚಪ್ಪಾಳೆ ತಟ್ಟಿದ.

ಮೇಷ್ಟ್ರು ಪುಸ್ತಕ ಮುಚ್ಚಿದರು. "ಖ್ಖೂಂ. ಸರಿ. ಕೊನೇ ನಗು ಒಂದು ಬಿಟ್ರೆ ಎಲ್ಲಾ ಇದೆ." ಸದ್ದತ್ತೆ ಉಸ್ಸೆಂದು ಬೆನ್ನು ಒರಗಿಸಿದರು. ಮೇಷ್ಟ್ರು ಮುಂದುವರಿಸಿದರು: "ಆದ್ರೆ ನಿಮಗೆ ನಾಳೆ ನನ್ನ ಹಾಗೆ ನೆಗಡಿ ಬಂದ್ರೆ? ಬೇರೆಯವರೂ ನಡೆಸೋ ಹಾಗಿರ್ಬೇಕಲ್ಲ. ಏಳಿ, ನಾನೇ ನೋಡ್ತೀನಿ. ಮೊಮ್ಮಗಳು ಹೇಳ್ಕೊಟ್ಟಿದಾಳೆ. ಎಲ್‌ಎಸ್ ಅಂತಲ್ವಾ ಮೊದ್ಲು?"

ಅಳಿಯನ ಮುಖ ಸುಣ್ಣವಾಯಿತು.

"ಬೇಡಿ ಮೇಷ್ಟ್ರೇ," ಎಂದರು ಸದ್ದತ್ತೆ ಎರಡೂ ಕೈ ಕೀಲಿಗಳ ಮೇಲೆ ಹರಡಿ. "ನೆಗಡಿ ಅಂಟತ್ತೆ, ಯಂತ್ರಕ್ಕೆ."

"ಏಳಿ ಅಂದೆ."

ಏಳದೆ ವಿಧಿಯಿರಲಿಲ್ಲ. ಮೇಷ್ಟ್ರು ಮಫ್ಲರು ಹಿಂದಕ್ಕೆಸೆದು ಆ ಕುರ್ಚಿಯಲ್ಲಿ ಕುಳಿತರು. ಎಲ್. ಎಸ್. ದೊಡ್ಡ ಗುಂಡಿ.

"ಖ್ಖೂಂ!"

ಗೂಡು, ವೇದಿಕೆ, ಸಭಾಂಗಣ, ಖಾಲಿ ನೂರ ಎಂಬತ್ತು ಆಸನಗಳ ಮೇಲೆಲ್ಲ ಮೇಷ್ಟ್ರ ಗಂಟಲು ಉರುಳಿತು. "ನಾನು ಹೇಳಿದ್ದು ಏನು, ನೀವು ಮಾಡ್ತಿರೋದು ಏನು? ಅದು ಯಾರ ಕುರ್ಚಿ? ಮೂವತ್ತನಾಲ್ಕು ವರ್ಷದಿಂದ ಅಲ್ಲಿ ಕೂತೋರು ಯಾರು? ಏಳ್ರೀ ಮೇಲೆ!"

ಮೇಷ್ಟ್ರು ಎದ್ದು ನಿಂತರು.

ಯೋಚಿಸಿ ಎದ್ದದ್ದಲ್ಲ, ಆ ದನಿಗೆ ಎಲ್ಲರೂ ಏಳುವ ಹಾಗೆಯೇ ಎದ್ದರು. ಕೈ ಮುಗಿದು, ಗೋಡೆಯ ಕಡೆ ನೋಡಿ, "ಇಲ್ಲ, ಸುಮ್ನೆ ನೋಡೋಣ ಅಂತ..." ಎಂದು ಶುರುಮಾಡಿ, ಅರ್ಧಕ್ಕೆ ನಿಂತರು. ತಮ್ಮ ಮುಗಿದ ಕೈಯನ್ನು ನೋಡಿಕೊಂಡರು. ಸ್ಪೀಕರನ್ನು ನೋಡಿದರು. ಬಾಗಿಲಲ್ಲಿ ಸತ್ತಣ್ಣನ ಹಿಂದೆ ಅಡಗುತ್ತಿದ್ದ ಅಳಿಯನನ್ನು ನೋಡಿದರು. ಕೊನೆಗೆ ಸದ್ದತ್ತೆಯನ್ನು. ಸದ್ದತ್ತೆ ಕಣ್ಣು ಮುಚ್ಚಿಕೊಂಡು ಮುಂದಿನ ಸಾಲಿನ ಗೌರವದ ಸೀಟನ್ನು ನೆನೆಯುತ್ತಿದ್ದರು.

ಆಗ ಒಂದು ಸದ್ದು ಬಂತು. ಮೊದಲು ಎಲ್ಲರೂ ಅದನ್ನು ಕೆಮ್ಮು ಎಂದುಕೊಂಡರು. ಮಫ್ಲರಿನ ಅಡಿಯಲ್ಲಿ ಎಲ್ಲೋ ಬಿರುಕು ಬಿಟ್ಟ ಹಾಗೆ, ತುಕ್ಕು ಹಿಡಿದ ಕೊಳಾಯಿಯಲ್ಲಿ ಇಪ್ಪತ್ತು ವರ್ಷದ ಮೇಲೆ ನೀರು ಬಂದ ಹಾಗೆ, ಒಂದು ಗೊರಗೊರ. ಅದು ಮೇಲೇರಿತು. ಮೇಷ್ಟ್ರ ಹೊಟ್ಟೆ ಅಲುಗಿತು, ಭುಜ ಅಲುಗಿತು, ಬಾಯಿ ತೆರೆಯಿತು. ಹಲ್ಲುಗಳಿದ್ದವು. ಸಾಲಾಗಿ, ಚೊಕ್ಕವಾಗಿ ಇದ್ದವು.

"ಎದ್ದುಬಿಟ್ನಲ್ರೀ!" ಎಂದರು, ಮೇಜು ಹಿಡಿದುಕೊಂಡು. "ನನಗೆ ನಾನೇ ಹೆದರಿ... ಎದ್ದೇಬಿಟ್ನಲ್ರೀ!"

ಸತ್ತಣ್ಣ ನೆಲಕ್ಕುರುಳಿದ. ಅಳಿಯ ಗಿಡ್ಡ ಬಾಗಿಲಿಗೆ ಆತುಕೊಂಡು ನಕ್ಕ, ಅದು ಗೋಡೆಯಿಲ್ಲದ ಬಾಗಿಲು ಎಂಬುದು ಮರೆತು ಆಚೆ ಬದಿಗೆ ಬಿದ್ದ. ಕಣ್ಣು ತೆರೆದ ಸದ್ದತ್ತೆ ಮಾತ್ರ ನಗಲಿಲ್ಲ. ಅವರ ಎಡಗೈ ಮೇಜಿನ ಮೈಕನ್ನು ಮೇಷ್ಟ್ರ ಬಾಯಿಯ ಕಡೆ ತಿರುಗಿಸಿತ್ತು, ಬಲಗೈಯ ಒಂದು ಬೆರಳು ಮೇಷ್ಟ್ರ ಹೊಟ್ಟೆಯ ಪಕ್ಕದಿಂದ ಮೆಲ್ಲಗೆ ಹೋಗಿ ಕೀಲಿಗಳ ಮೇಲೆ ಓಡುತ್ತಿತ್ತು. ಪದ, ಉಸಿರು, ಪದ, ತೆರೆ.

ಮೇಷ್ಟ್ರು ಪೂರ್ತಿ ಒಂದೂಮುಕ್ಕಾಲು ನಿಮಿಷ ನಕ್ಕರು. ಗಡಿಯಾರ ನೋಡಲಿಲ್ಲ. ಆಮೇಲೆ ಮಫ್ಲರಿನ ತುದಿಯಿಂದ ಕಣ್ಣು ಒರೆಸಿಕೊಂಡರು, ಅದೇ ತುದಿಯಿಂದ ಕುರ್ಚಿಯ ಹಲಗೆಯನ್ನೂ ಒಮ್ಮೆ ಒರೆಸಿ, ಸದ್ದತ್ತೆಯ ಕಡೆಗೆ ಸರಿಸಿದರು.

"ಕೂತ್ಕೊಳಿ. ಆ ಚಕ್ರದವ್ರಿಗೆ ಯಾರಾದ್ರೂ ಫೋನ್ ಮಾಡಿ, ಉರುಳಿಸ್ಕೊಂಡು ವಾಪಸ್ ಹೋಗ್ಲಿ."

ಸದ್ದತ್ತೆ ಕುಳಿತರು. ಹೊಸದಾಗಿ ಹಿಡಿದದ್ದಕ್ಕೆ ಯಂತ್ರ ಹೆಸರು ಕೇಳುತ್ತ ಕಣ್ಣು ಮಿಟುಕಿಸುತ್ತಿತ್ತು. ಒಂದು ಕ್ಷಣ ಯೋಚಿಸಿದರು. ನಗು ಎಂದು ಬರೆಯಲಿಲ್ಲ, ಮೇಷ್ಟ್ರು ಎಂದೂ ಬರೆಯಲಿಲ್ಲ. 'ಕುರ್ಚಿ' ಎಂದು ಬರೆದರು. ಸಿಪಿ ಒತ್ತಿ ಒಂದು ನಕಲು ತೆಗೆದಿಟ್ಟರು. ನೋಡು ಎಂದರು. ಪಟ್ಟಿಯಲ್ಲಿ ಅಕ್ಕಿ-ತಟ್ಟೆ, ತಗಡು, ದಿಂಬುಗಳ ನಡುವೆ ಅದೂ ಕುಳಿತಿತ್ತು.

"ಮೇಷ್ಟ್ರೇ, ಕೊನೇ ಪುಟ," ಎಂದು ಹೇಳಿ, ಪ್ಲೇ, ಉಸಿರು, ಕುರ್ಚಿ ಎಂದು ಹೊಡೆದು ತೆರೆ ಒತ್ತಿದರು.

ಖಾಲಿ ಸಭಾಂಗಣದ ಮಹಡಿಯ ಮೇಲಿನಿಂದ ಮನೆ ಮಾಲೀಕ ನಕ್ಕ. ಹೊಟ್ಟೆಯಿಂದ ನಕ್ಕ. ಮೇಷ್ಟ್ರು ಕತ್ತೆತ್ತಿ ಕೇಳಿದರು. ಪುಸ್ತಕ ತೆರೆದು, ಅಂಚಿನಲ್ಲಿ ಏನೋ ಬರೆಯಲು ಪೆನ್ನು ತೆಗೆದರು. "ಇದು..." ಎಂದರು, "ಇದು ಸರಿಯಾಗಿ..." ಎಂದರು, ಮುಂದೆ ಹೋಗಲಾಗಲಿಲ್ಲ. ಪೆನ್ನು ಕೆಳಗೆ ಬಿತ್ತು. ಈಗ ಸದ್ದತ್ತೆಯೂ ನಕ್ಕರು, ಅಳಿಯ ನಕ್ಕ, ನೆಲದ ಮೇಲಿನ ಸತ್ತಣ್ಣ ನಕ್ಕ, ಮೇಲಿನಿಂದ ಸ್ಪೀಕರುಗಳು ನಗುತ್ತಲೇ ಇದ್ದವು. ಅವೆಲ್ಲವನ್ನೂ ಮುಳುಗಿಸಿ ಮೇಷ್ಟ್ರ ನಗು ಎದ್ದಿತು. ಗೂಡಿನ ಮೂಲೆಯಲ್ಲಿ, ಯಾರೂ ಮುಟ್ಟದೆ, ಕೊಕ್ಕೆಯ ತಗಡು ಮೆಲ್ಲಗೆ ಗುಡುಗುತ್ತಿತ್ತು.